ಕಲ್ಲೆಣ್ಣೆ ಮುಗಿದುಹೋಗುವುದೆ?

ಪ್ರಪಂಚದ ಕಲ್ಲೆಣ್ಣೆ ಎಂದಾದರೊಂದು ದಿನ ಮುಗಿದುಹೋಗುವುದೆ ಎಂದು ಕೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಮನೆಯ ಎಣ್ಣೆಡಬ್ಬದ ಚಿತ್ರ. ಡಬ್ಬವನ್ನು ಬಗ್ಗಿಸಿದರೆ ಕಡೆಯ ತೊಟ್ಟೂ ಬೀಳುತ್ತದೆ. ಭೂಗರ್ಭದ ಸಂಗತಿ ಬೇರೆ. ಅಲ್ಲಿ ಎಣ್ಣೆಯ ಕೊಳವಿಲ್ಲ. ಇಟ್ಟಿಗೆಯು ನೀರನ್ನು ಹೀರಿಕೊಂಡಿರುವಂತೆ ಬಂಡೆಯ ಸೂಕ್ಷ್ಮರಂಧ್ರಗಳಲ್ಲಿ ಎಣ್ಣೆ ಅಡಗಿರುತ್ತದೆ. ಒಳಗಿನ ಒತ್ತಡ ಇಳಿದ ತರುವಾಯ ನೀರನ್ನೋ ಅನಿಲವನ್ನೋ ನುಗ್ಗಿಸಿ ಹೊರಡಿಸಬೇಕು. ಆದರೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಭಾಗ ಬಂಡೆಯಲ್ಲಿಯೇ ಉಳಿದುಬಿಡುತ್ತದೆ. ತೆಗೆಯುವ ಖರ್ಚು ಗಿಟ್ಟದಾದಾಗ ಬಾವಿಯನ್ನು ಮುಚ್ಚುತ್ತಾರೆ.

ಅಮೆರಿಕದ ಭೂವಿಜ್ಞಾನಿ ಕಿಂಗ್ ಹಬ್ಬರ್ಟರು 1956ರಲ್ಲಿ, ತಮ್ಮ ದೇಶದ ಉತ್ಪತ್ತಿಯು 1970ರ ಸುಮಾರಿಗೆ ಶಿಖರವನ್ನು ಮುಟ್ಟಿ ಇಳಿಯುವುದೆಂದು ಗಣಿಸಿ ಹೇಳಿದರು. 1970ರಲ್ಲಿ ಹಾಗೆಯೇ ಆಯಿತು. ಇಳಿತ ದಶಕಗಳ ಕಾಲ ನಡೆಯಿತು. ಆಮೇಲೆ ಬೆಲೆಯೇರಿತು. ಶೇಲ್ ಎಂಬ ಪದರುಗಲ್ಲನ್ನು ನೀರಿನ ಒತ್ತಡದಿಂದ ಸೀಳಿ ಎಣ್ಣೆ ತೆಗೆಯುವ ವಿದ್ಯೆ ಗಿಟ್ಟುವಂತಾಯಿತು. 2018ರಲ್ಲಿ ಆ ದೇಶವು 1970ರ ಮಟ್ಟವನ್ನು ಮೀರಿತು. ಹಬ್ಬರ್ಟರು ಎಣಿಸಿದ ಉಗ್ರಾಣಕ್ಕೆ ಮತ್ತೊಂದು ಕೋಣೆಯಿತ್ತೆನ್ನೋಣ. ಆದರೆ ಅದರ ಬಾಗಿಲು ಹಣವಿಲ್ಲದೆ ತೆರೆಯದು; ಅಲ್ಲಿಯ ಬಾವಿಗಳಾದರೋ ಮೊದಲ ಒಂದೆರಡು ವರ್ಷಗಳಲ್ಲಿಯೇ ಬಹುಮಟ್ಟಿಗೆ ಸೊರಗಿಹೋಗುತ್ತವೆ.

ಆದಕಾರಣ ಕಡೆಯ ತೊಟ್ಟಿಗಾಗಿ ನಾವು ಅಂಜಬೇಕಾದುದಿಲ್ಲ. ಅಂಜಬೇಕಾದುದು ಬೆಲೆಗೆ. 1973ರಲ್ಲಿ ಅರಬ್ ದೇಶಗಳ ಬಾವಿಗಳೇನೂ ಬತ್ತಿರಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿಯೇ ಎಣ್ಣೆಯನ್ನು ಕಂಡ ಭಾರತವು ಇಂದು ತನಗೆ ಬೇಕಾದುದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಹೊರಗಿನಿಂದಲೇ ಕೊಳ್ಳುತ್ತಿದೆ.