ಹಿತ್ತಿಲ ಹಕ್ಕಿಗಳ ಛಾಯಾಚಿತ್ರ: ಸಾಧನೆ ಮತ್ತು ಸಾಕ್ಷ್ಯ

ಪಕ್ಷಿಗಳ ಛಾಯಾಚಿತ್ರಗಳನ್ನು ತೆಗೆಯಲು ದೂರದ ಅರಣ್ಯಗಳಿಗೇ ಹೋಗಬೇಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ವಾಸ್ತವವಾಗಿ ಪಿಕಳಾರ, ಗೊರವಂಕ, ಗುಬ್ಬಚ್ಚಿ, ಮಡಿವಾಳ ಹಕ್ಕಿ ಮೊದಲಾದುವು ನಮ್ಮ ಮನೆಗಳ ಹಿತ್ತಿಲಿಗೇ ಬರುತ್ತವೆ. ಇವುಗಳ ಚಿತ್ರಗಳನ್ನು ತೆಗೆಯುವ ಬಗೆಯನ್ನೂ, ಅಂತಹ ಚಿತ್ರಗಳು ಎಷ್ಟರಮಟ್ಟಿಗೆ ಶಾಸ್ತ್ರೀಯ ಸಾಕ್ಷ್ಯವಾಗಬಲ್ಲುವೆಂಬುದನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಮೊದಲನೆಯದು ಆಹಾರದ ವಿಚಾರ. ನವಣೆ, ಅಕ್ಕಿಯ ನುಚ್ಚುಗಳಿಗೆ ಗುಬ್ಬಚ್ಚಿಗಳು ಬರುತ್ತವೆ. ಪಿಕಳಾರಕ್ಕೆ ಮಾಗಿದ ಪರಂಗಿಹಣ್ಣು ಪ್ರಿಯ. ಮಡಿವಾಳ ಹಕ್ಕಿಯಾದರೋ ಪ್ರಧಾನವಾಗಿ ಕೀಟಾಹಾರಿ. ಕಾಳು ಅದನ್ನು ಆಕರ್ಷಿಸಲಾರದು, ಆದರೆ ಮಣ್ಣಿನ ಬೋಗುಣಿಯ ನೀರು ಆಕರ್ಷಿಸಬಹುದು.

ಹಕ್ಕಿಯು ತಟ್ಟೆಗೆ ಇಳಿಯುವ ಮುನ್ನ ಸಮೀಪದ ಆಸರೆಯೊಂದರಲ್ಲಿ ಕುಳಿತು ಸುತ್ತಲೂ ನೋಡುವುದು ಸಾಮಾನ್ಯ. ಆದುದರಿಂದ ತಟ್ಟೆಯಿಂದ ಎರಡು ಮೂರು ಅಡಿಗಳ ಅಂತರದಲ್ಲಿ ಒಣ ಕೊಂಬೆಯೊಂದನ್ನು ನೆಟ್ಟು, ಕಿಟಕಿಯ ಪರದೆಯ ಮರೆಯಿಂದ ಕ್ಯಾಮರಾವನ್ನು ಆ ಕೊಂಬೆಗೇ ಹೊಂದಿಸಿಡಬೇಕು. ಹಿನ್ನೆಲೆಯ ಗಿಡಗಳು ದೂರವಿದ್ದಷ್ಟೂ ಹಕ್ಕಿಯ ಆಕಾರ ಸ್ಪಷ್ಟವಾಗುವುದು. ಬೆಳಗಿನ ಎಳೆಬಿಸಿಲು ಉತ್ತಮ. ಕುಳಿತ ಹಕ್ಕಿಗೆ ಸೆಕೆಂಡಿನ 1/500 ಅಂಶದಷ್ಟು ಕಾಲದ ಷಟರ್ ಸಾಮಾನ್ಯವಾಗಿ ಸಾಕು. ರೆಕ್ಕೆಯ ಬಡಿತವನ್ನು ಹಿಡಿಯಲು 1/2000 ಅಥವಾ ಅದಕ್ಕಿಂತ ಕಡಿಮೆ ಬೇಕಾಗುತ್ತದೆ.

ಇನ್ನು ಸಾಕ್ಷ್ಯದ ಪ್ರಶ್ನೆ. ದಿನಾಂಕ, ವೇಳೆ, ಸ್ಥಳ, ಇಟ್ಟ ಆಹಾರ ಇವುಗಳ ಟಿಪ್ಪಣಿಯಿದ್ದರೆ, ಇಂತಹ ಜಾತಿಯ ಹಕ್ಕಿ ಅಲ್ಲಿಗೆ ಬಂದಿತ್ತೆಂಬುದಕ್ಕೆ ಚಿತ್ರವು ಆಧಾರವಾಗುತ್ತದೆ. ಆದರೆ ಹಕ್ಕಿಗಳ ಸಂಖ್ಯೆಯನ್ನು ಅದರಿಂದ ನಿರ್ಣಯಿಸಲಾಗದು. ಒಂದೇ ಪಿಕಳಾರವು ಹತ್ತು ಸಾರಿ ಬಂದರೆ ಹತ್ತು ಚಿತ್ರಗಳಾಗುತ್ತವೆಯೇ ಹೊರತು ಹತ್ತು ಪಿಕಳಾರಗಳಾಗುವುದಿಲ್ಲ. ಈ ಕಾರಣದಿಂದಲೇ ಉತ್ತರ ಅಮೆರಿಕದ ‘ಪ್ರಾಜೆಕ್ಟ್ ಫೀಡರ್‌ವಾಚ್’ ಗಣತಿಯಲ್ಲಿ ಪ್ರತಿಯೊಂದು ಜಾತಿಗೂ ಒಮ್ಮೆಗೆ ಒಟ್ಟಾಗಿ ಕಂಡ ಗರಿಷ್ಠ ಸಂಖ್ಯೆಯನ್ನು ಮಾತ್ರ ದಾಖಲಿಸುತ್ತಾರೆ. ಅಲ್ಲದೆ, ತಟ್ಟೆಯು ಹಕ್ಕಿಗಳನ್ನು ಒಂದೆಡೆ ಕೂಡಿಸುವುದರಿಂದ, ಅಲ್ಲಿ ಕಂಡ ದಟ್ಟಣೆಯನ್ನು ಇಡೀ ಊರಿಗೆ ಅನ್ವಯಿಸುವುದು ತಪ್ಪಾದೀತು.

ಹೀಗೆ ಕೂಡಿಸುವುದರಿಂದ ಮತ್ತೊಂದು ಅಪಾಯವೂ ಉಂಟು. 2005ರಲ್ಲಿ ಬ್ರಿಟನ್ನಿನ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಟ್ರೈಕೊಮೊನೋಸಿಸ್ ಎಂಬ ಗಂಟಲುರೋಗ ಕಾಣಿಸಿಕೊಂಡಿತು. ಅನಂತರದ ವರ್ಷಗಳಲ್ಲಿ ಅವುಗಳ ಸಂಖ್ಯೆ ತೀವ್ರವಾಗಿ ಇಳಿಯಿತು. ರೋಗಿ ಹಕ್ಕಿಯ ಎಂಜಲು ಬೆರೆತ ಆಹಾರ ಮತ್ತು ನೀರಿನಿಂದ ಈ ರೋಗ ಹರಡಬಲ್ಲುದು. ಆದಕಾರಣ ನೀರನ್ನು ಪ್ರತಿದಿನ ಬದಲಿಸಿ, ತಟ್ಟೆಯನ್ನು ಆಗಾಗ್ಗೆ ತೊಳೆದು ಒಣಗಿಸಬೇಕು. ಗರಿಗಳನ್ನುಬ್ಬಿಸಿಕೊಂಡು ಮಂಕಾಗಿ ಕುಳಿತ ಹಕ್ಕಿ ಕಂಡರೆ ಕೆಲವು ವಾರಗಳ ಕಾಲ ತಟ್ಟೆಯನ್ನೂ ಬೋಗುಣಿಯನ್ನೂ ತೆಗೆದಿಡಬೇಕು. ಅಷ್ಟು ದಿನ ಚಿತ್ರಗಳು ದೊರೆಯದಿದ್ದರೂ ಚಿಂತೆಯಿಲ್ಲ. ಹಕ್ಕಿಯನ್ನು ನಮ್ಮ ಬಳಿಗೆ ಕರೆದವರು ನಾವೇ ಆದುದರಿಂದ ಅದರ ಕ್ಷೇಮದ ಹೊಣೆಯೂ ನಮ್ಮದೇ.