ಉದುರುತ್ತಲೇ ಹಾಡಿದ ಟೇಪು

ಮಕ್ಕಳೇ, ಕ್ಯಾಸೆಟ್ ನೋಡಿದ್ದೀರಾ? ಇಲ್ಲದಿದ್ದರೆ ಅಪ್ಪ ಅಮ್ಮನನ್ನು ಕೇಳಿ. ಅವರು ಚಿಕ್ಕವರಾಗಿದ್ದಾಗ ಹಾಡು ಇರುತ್ತಿದ್ದುದು ಫೋನಿನಲ್ಲಲ್ಲ, ಕಂದು ಬಣ್ಣದ ತೆಳ್ಳನೆಯ ಪ್ಲಾಸ್ಟಿಕ್ ಟೇಪಿನಲ್ಲಿ. ಆ ಟೇಪಿನ ಮೇಲೆ ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿಯನ್ನು ಅಂಟಿನಿಂದ ಕೂರಿಸಿರುತ್ತಾರೆ. ತುಕ್ಕಿನ ಜಾತಿಯದೇ ಆದ ಈ ಪುಡಿಯಲ್ಲಿ ಧ್ವನಿಯು ಕಾಂತೀಯ ಗುರುತಾಗಿ ಉಳಿಯುತ್ತದೆ. ಅಂಟು ಹಳತಾದರೆ ಪುಡಿ ಉದುರುತ್ತದೆ. ಪುಡಿಯ ಜೊತೆ ಧ್ವನಿಯೂ ಹೋಗುತ್ತದೆ.

ಹೀಗೆ ಉದುರಿದ್ದೇ ಸಂಗೀತವಾದ ಕಥೆಯೊಂದು ಇಲ್ಲಿದೆ.

ವಿಲಿಯಂ ಬಸಿನ್ಸ್ಕಿ ಅಮೆರಿಕದ ಸಂಗೀತಗಾರರು. ಅವರದು ಆಂಬಿಯೆಂಟ್ ಸಂಗೀತ. ಇದರಲ್ಲಿ ಸಾಮಾನ್ಯವಾಗಿ ಹಾಡು, ತಾಳದ ಅಬ್ಬರ ಇರುವುದಿಲ್ಲ. ತಂಬೂರಿಯ ಶ್ರುತಿಯಂತೆ ನಾದ ಕೋಣೆಯನ್ನು ತುಂಬಿಕೊಂಡಿರುತ್ತದೆ. 1980ರ ದಶಕದಲ್ಲಿ ಅವರು ನ್ಯೂಯಾರ್ಕಿನ ರೇಡಿಯೊದಲ್ಲಿ ಬರುತ್ತಿದ್ದ ಸಂಗೀತದ ತುಣುಕುಗಳನ್ನು ಟೇಪಿಗೆ ಇಳಿಸಿಕೊಂಡಿದ್ದರು. ಟೇಪಿನ ಎರಡು ತುದಿ ಜೋಡಿಸಿ ಬಳೆಯಂತೆ ಮಾಡಿದರೆ ಅದೇ ತುಣುಕು ಮತ್ತೆ ಮತ್ತೆ ಕೇಳಿಸುತ್ತದೆ. ಇದಕ್ಕೆ ಲೂಪ್ ಎಂದು ಹೆಸರು.

2001ರಲ್ಲಿ ಬಸಿನ್ಸ್ಕಿ ಆ ಹಳೆಯ ಲೂಪುಗಳನ್ನು ಡಿಜಿಟಲ್ ರೂಪಕ್ಕೆ ತರಲು ಕೂತರು. ಟೇಪು ಸುತ್ತುತ್ತಿದ್ದಂತೆ ಪುಡಿ ಉದುರತೊಡಗಿತು. ಅವರು ನಿಲ್ಲಿಸಲಿಲ್ಲ, ರೆಕಾರ್ಡಿಂಗ್ ಮುಂದುವರಿಸಿದರು. ಒಂದೊಂದು ಸುತ್ತಿಗೂ ರಾಗ ಸ್ವಲ್ಪ ಸ್ವಲ್ಪವೇ ಸವೆಯಿತು, ನಡುನಡುವೆ ಮೌನ ಇಣುಕಿತು. ಮೊದಲ ಭಾಗವೇ ಒಂದು ಗಂಟೆಗೂ ಹೆಚ್ಚು ಉದ್ದವಿದೆ.

ಅದೇ ವರ್ಷ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದವು. ಬ್ರೂಕ್ಲಿನ್‌ನ ತಮ್ಮ ಮನೆಯ ಮಾಳಿಗೆಯಿಂದ ಬಸಿನ್ಸ್ಕಿ ಆ ಸಂಜೆಯ ಹೊಗೆಯನ್ನು ಕತ್ತಲಾಗುವವರೆಗೆ ಚಿತ್ರೀಕರಿಸಿದರು. ಆ ದೃಶ್ಯಕ್ಕೆ ಈ ಸಂಗೀತವನ್ನು ಜೋಡಿಸಿ, ಅಂದು ಮಡಿದವರಿಗೆ ಅರ್ಪಿಸಿದರು. 'ದಿ ಡಿಸಿಂಟಿಗ್ರೇಷನ್ ಲೂಪ್ಸ್' ಎಂಬ ಹೆಸರಿನ ಈ ಕೃತಿ 2002 ಮತ್ತು 2003ರಲ್ಲಿ ನಾಲ್ಕು ಭಾಗಗಳಾಗಿ ಬಂತು. 2011ರಲ್ಲಿ, ಘಟನೆಯ ಹತ್ತನೇ ವರ್ಷಕ್ಕೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ವಾದ್ಯವೃಂದವೊಂದು ಅದನ್ನು ನುಡಿಸಿತು.

ಪೋಷಕರೇ, ಇಲ್ಲಿ ನಮಗೂ ಒಂದು ಮಾತಿದೆ. ಆ ಟೇಪು ಹಾಳಾಗುವುದನ್ನು ಯಾರೂ ತಡೆಯಲಾಗಲಿಲ್ಲ. ಆದರೂ ಸಂಗೀತ ಉಳಿದದ್ದು, ಅದು ಉದುರುವಾಗ ಪಕ್ಕದಲ್ಲಿ ರೆಕಾರ್ಡಿಂಗ್ ನಡೆಯುತ್ತಿದ್ದುದರಿಂದ. ಊರಿನ ಮನೆಯ ಬೀರುವಿನಲ್ಲಿ ಅಜ್ಜಿಯ ಸೋಬಾನೆ ಹಾಡು, ತಾತನ ಮಾತು, ನಿಮ್ಮದೇ ತೊದಲು ನುಡಿ ಇರುವ ಕ್ಯಾಸೆಟ್ ಇದೆಯೇ? ಸೆಕೆ, ತೇವ ಎರಡೂ ಅದಕ್ಕೆ ಶತ್ರು. "ಚೆನ್ನಾಗಿದೆಯಾ ನೋಡೋಣ" ಎಂದು ಸುಮ್ಮನೆ ಹಾಕಿ ಕೇಳಬೇಡಿ. ಮೊದಲ ಸಲ ಹಾಕುವಾಗಲೇ ರೆಕಾರ್ಡ್ ಮಾಡಿಕೊಳ್ಳಿ. ಬೂಸ್ಟು ಹಿಡಿದಿದ್ದರೆ, ಅಂಟಂಟಾಗಿದ್ದರೆ, ಪುಡಿ ಕಂಡರೆ, ತಿಳಿದವರ ಕೈಗೆ ಕೊಡಿ.

ಮಕ್ಕಳೇ, ಈ ತಿಂಗಳ ಮನೆಗೆಲಸ ನಿಮಗೆ: ಊರಿಗೆ ಫೋನ್ ಮಾಡಿದಾಗ, "ಅಜ್ಜಿ, ಮನೇಲಿ ಹಳೇ ಕ್ಯಾಸೆಟ್ ಇದೆಯಾ? ಅದರಲ್ಲಿ ಯಾರ ಧ್ವನಿ ಇದೆ?" ಎಂದು ಕೇಳಿ. ಕ್ಯಾಸೆಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಅಜ್ಜಿಗೆ ಒಂದು ಹಾಡು ಹೇಳಲು ಕೇಳಿ, ಅವರ ಒಪ್ಪಿಗೆ ಪಡೆದು ಅಂದೇ ರೆಕಾರ್ಡ್ ಮಾಡಿಡಿ.