ಮಿಕ್ಕಿದ ನಟ್ಟು-ಬೋಲ್ಟು: ಡಬ್ಬಿಗಾ, ಗುಜರಿಗಾ?

ಪಂಪ್‌ಹೌಸಿನ ಮೂಲೆಯಲ್ಲಿ ಒಂದು ಹಳೇ ಪೇಂಟ್ ಡಬ್ಬಿ ಇಲ್ಲದ ತೋಟ ನಮ್ಮ ಕಡೆ ಇಲ್ಲ. ಮೋಟರ್ ಬಿಚ್ಚಿದಾಗ ಮಿಕ್ಕಿದ ಬೋಲ್ಟು, ಶೆಡ್ ಹಾಕಿದಾಗ ಉಳಿದ ಶೀಟ್ ಸ್ಕ್ರೂ, ಟಿಲ್ಲರಿನಿಂದ ಬಿದ್ದ ವಾಷರ್, ಒಡೆದ ಡ್ರಿಪ್ ಜಾಯಿನರ್, ಬಾಗಿದ ಮೊಳೆ ಎಲ್ಲಾ ಅದರೊಳಗೇ. ಅರ್ಧ ತುಕ್ಕು, ಅರ್ಧ ಮಣ್ಣು. ಯಾರನ್ನ ಕೇಳಿದರೂ ಒಂದೇ ಉತ್ತರ: "ಇರಲಿ ಬಿಡಿ, ಯಾವತ್ತಾದ್ರೂ ಬೇಕಾಗುತ್ತೆ."

ಆ "ಯಾವತ್ತಾದ್ರೂ" ಬಂದ ದಿನ ಏನಾಗುತ್ತೆ ನೋಡಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಅಂತ ಸರ್ಕಾರದ ಲೆಕ್ಕ. ಅದೂ ಒಂದೇ ಸಲ ಬರುತ್ತೆ ಅಂತಿಲ್ಲ. ಕರೆಂಟ್ ಬಂದ ಹೊತ್ತಲ್ಲಿ ಡೆಲಿವರಿ ಪೈಪಿನ ಫ್ಲ್ಯಾಂಜ್ ಬೋಲ್ಟು ತುಂಡಾಯ್ತು ಅಂದುಕೊಳ್ಳಿ. ಡಬ್ಬಿ ನೆಲಕ್ಕೆ ಸುರಿದು ಕೂತು ಹುಡುಕಿದರೆ ಮುಕ್ಕಾಲು ಗಂಟೆ ಹೋಯ್ತು. ಸಿಗಲಿಲ್ಲ ಅಂತ ಬೈಕ್ ಹತ್ತಿ ಬಂಗಾರಪೇಟೆಗೆ ಹೋಗಿ ಬಂದರೆ ಇನ್ನೊಂದೂವರೆ ಗಂಟೆ. ಅಷ್ಟೊತ್ತಿಗೆ ಕರೆಂಟೂ ಹೋಗಿರುತ್ತೆ. ಏಪ್ರಿಲ್ ಬಿಸಿಲಲ್ಲಿ ಹೂ ಬಿಟ್ಟಿರೋ ಟೊಮೆಟೊಗೆ ಆ ದಿನದ ನೀರು ಇಲ್ಲ.

ನಾನು ಬಂಗಾರಪೇಟೆ ಮತ್ತು ಕೆಜಿಎಫ್ ನಡುವೆ ಸಾವಯವ ತರಕಾರಿ ಬೆಳೆಯುತ್ತೇನೆ. ಹಾರ್ಟಿಕಲ್ಚರ್ ಓದುವಾಗ ಡ್ರಿಪ್ ಡಿಸೈನ್ ಕಲಿತೆ, ಪೋಷಕಾಂಶದ ಲೆಕ್ಕ ಕಲಿತೆ. ನಟ್ಟು-ಬೋಲ್ಟು ಕಲಿಸಿದ್ದು ತೋಟ. ಅಲ್ಲಿ ಕಲಿತದ್ದು ಇಷ್ಟೇ: "ಯಾವತ್ತಾದ್ರೂ ಬೇಕಾಗುತ್ತಾ?" ಅನ್ನೋದು ತಪ್ಪು ಪ್ರಶ್ನೆ. "ಇವತ್ತು ನನ್ನ ಹತ್ತಿರ ಇರೋ ಯಾವ ಮಷೀನಿಗೆ ಇದು ಕೂರುತ್ತೆ?" ಅಂತ ಕೇಳಬೇಕು. ಉತ್ತರ ಇದ್ದರೆ ಡಬ್ಬಿಗೆ, ಇಲ್ಲದಿದ್ದರೆ ಗುಜರಿಗೆ. ನೆಲಕ್ಕೆ ಮಾತ್ರ ಯಾವತ್ತೂ ಬೇಡ. ಅದು ಯಾಕೆ ಅಂತ ಮುಂದೆ ಹೇಳ್ತೀನಿ.

ನಮ್ಮ ಡಬ್ಬಿಯಲ್ಲಿ ಇಂಚೂ ಇದೆ, ಮಿಲಿಮೀಟರೂ ಇದೆ

ನಮ್ಮ ಭಾಗದ ಡಬ್ಬಿಗಳಿಗೆ ಒಂದು ವಿಶೇಷ ತೊಂದರೆ ಇದೆ. ಕೆಜಿಎಫ್ ಗಣಿಯನ್ನ 1880ರಿಂದ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷ್ ಕಂಪನಿ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂತು. ಆ ಕಾಲದ ಬ್ರಿಟಿಷ್ ಯಂತ್ರಗಳಿಗೆ ಇದ್ದದ್ದು ಇಂಚಿನ ಲೆಕ್ಕದ ವಿಟ್ವರ್ತ್ ತ್ರೆಡ್ಡು, ಅಂದರೆ 1841ರಲ್ಲಿ ಜೋಸೆಫ್ ವಿಟ್ವರ್ತ್ ಮಾಡಿದ ಅಳತೆ. ನಮ್ಮ ದೇಶ ಮೆಟ್ರಿಕ್ ಅಳತೆಗೆ ಕಾಯ್ದೆ ಮಾಡಿದ್ದು 1956ರಲ್ಲಿ. ಬೆಮೆಲ್ ಶುರುವಾದದ್ದು 1964ರಲ್ಲಿ. ಗಣಿ ಮುಚ್ಚಿದ್ದು 2001ರಲ್ಲಿ.

ಹೀಗಾಗಿ ತಾತನ ಕಾಲದ ಕಬ್ಬಿಣ, ಗುಜರಿಯಿಂದ ತಂದ ಕಬ್ಬಿಣ, ನಿನ್ನೆ ಅಂಗಡಿಯಲ್ಲಿ ಕೊಂಡ ಕಬ್ಬಿಣ ಎಲ್ಲಾ ಒಂದೇ ಡಬ್ಬಿಯಲ್ಲಿ ಕೂತಿರುತ್ತೆ. ಇದು ಬರೀ ಗಜಿಬಿಜಿ ಅಲ್ಲ, ಅಪಾಯ. 3/8 ಇಂಚಿನ ಬೋಲ್ಟು 9.5 ಮಿ.ಮೀ. ದಪ್ಪ, ಎಂ10 ಬೋಲ್ಟು 10 ಮಿ.ಮೀ. ಕಣ್ಣಿಗೆ ಎರಡೂ ಒಂದೇ. 3/8 ಬೋಲ್ಟಿಗೆ ಎಂ10 ನಟ್ಟು ಹಾಕಿದರೆ ನಾಲ್ಕು ಸುತ್ತು ಹೋಗುತ್ತೆ, ಬಿಗಿಯಾದ ಹಾಗೂ ಅನಿಸುತ್ತೆ. ಆದರೆ ಹಲ್ಲಿನ ತುದಿ ಮಾತ್ರ ಹಿಡಿದಿರುತ್ತೆ. ಮಷೀನು ಅದುರೋಕೆ ಶುರುವಾದ ಮೇಲೆ ಹಲ್ಲು ಸವೆದು ಕಳಚಿಕೊಳ್ಳುತ್ತೆ.

ನಮ್ಮ ಪಕ್ಕದ ತೋಟದ ಯಜಮಾನರು ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಶೆಡ್ಡಲ್ಲಿ ಇಂಚಿನ ಡಬ್ಬಿಯೇ ಬೇರೆ, ಮಿಲಿಮೀಟರ್ ಡಬ್ಬಿಯೇ ಬೇರೆ. "ಕೈಯಲ್ಲಿ ಕೊನೇವರೆಗೂ ಸಲೀಸಾಗಿ ಹೋಗದ ನಟ್ಟಿಗೆ ಸ್ಪ್ಯಾನರ್ ಹಾಕಬೇಡ ತಂಬಿ," ಅಂತಾರೆ. ಒಳ್ಳೇ ಪಾಠ. ಜೊತೆಗೆ ನಾನೊಂದು ಸೇರಿಸ್ತೀನಿ: ಹಾಕಿದ ಮೇಲೆ ಗಡಗಡ ಅಲ್ಲಾಡೋ ನಟ್ಟಿಗೂ ಹಾಕಬೇಡಿ.

ಮೊಬೈಲಲ್ಲೇ ಅಳೆಯಿರಿ

ಇದಕ್ಕೆ ದುಬಾರಿ ಉಪಕರಣ ಬೇಡ. ಸ್ಕೂಲಿನ ಸ್ಕೇಲು, ನಿಮ್ಮ ಫೋನು ಸಾಕು. ಬೋಲ್ಟನ್ನ ಬ್ರಷ್ಷಲ್ಲಿ ಉಜ್ಜಿ ಸ್ಕೇಲಿನ ಪಕ್ಕ ಇಟ್ಟು ಮೇಲಿನಿಂದ ನೇರವಾಗಿ ಫೋಟೋ ತೆಗೀರಿ. ಆಮೇಲೆ ಜೂಮ್ ಮಾಡಿ ಒಂದು ಹಲ್ಲಿನ ತುದಿಯಿಂದ ಎಣಿಸೋಕೆ ಶುರು ಮಾಡಿ. 10 ಸುತ್ತು ದಾಟಿದಾಗ ಎಷ್ಟು ಮಿ.ಮೀ. ಆಗಿದೆ ನೋಡಿ.

ಎಂ6 ಆದರೆ 10 ಮಿ.ಮೀ.
ಎಂ8 ಆದರೆ 12.5 ಮಿ.ಮೀ.
ಎಂ10 ಆದರೆ 15 ಮಿ.ಮೀ.
ಎಂ12 ಆದರೆ 17.5 ಮಿ.ಮೀ.
ವಿಟ್ವರ್ತ್ ಅರ್ಧ ಇಂಚು ಆದರೆ ಸುಮಾರು 21 ಮಿ.ಮೀ.

ವಿಟ್ವರ್ತ್ 3/8 ಇಂಚು ಸುಮಾರು 16 ಮಿ.ಮೀ. ಬರುತ್ತೆ, ಎಂ10ಗೆ ತೀರಾ ಹತ್ತಿರ. ಅನುಮಾನ ಬಂದರೆ 20 ಸುತ್ತು ಎಣಿಸಿ: ಎಂ10 ಸರಿಯಾಗಿ 30, 3/8 ಇಂಚು 32ರ ಹತ್ತಿರ. ಇನ್ನೊಂದು ಸುಲಭ ಉಪಾಯ ಇದೆ. ಅಳತೆ ಗೊತ್ತಿರೋ ಹೊಸ ಬೋಲ್ಟೊಂದನ್ನ ಇದರ ಪಕ್ಕ ಮಲಗಿಸಿ ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಕೂತರೆ ಒಂದೇ ಜಾತಿ. ನಡುವೆ ಬೆಳಕು ಕಂಡರೆ ಬೇರೆ.

ಆ ಫೋಟೋ ಅಳಿಸಬೇಡಿ. ಮುಂದಿನ ಸಲ ಅಂಗಡಿಗೆ ಹೋಗೋ ಮುಂಚೆ ವಾಟ್ಸಾಪಲ್ಲಿ ಅದನ್ನೇ ಕಳಿಸಿ, ಇದೆಯಾ ಅಂತ ಕೇಳಿ. ಪೆಟ್ರೋಲ್ ಉಳಿಯುತ್ತೆ.

ತಲೆ ಮೇಲಿನ ನಂಬರ್ ಓದಿ

ಸೈಜ್ ಸರಿಹೋದರೆ ಸಾಲದು, ಶಕ್ತಿಯೂ ಸರಿಹೋಗಬೇಕು. ಒಳ್ಳೇ ಬೋಲ್ಟಿನ ತಲೆ ಮೇಲೆ 4.6, 8.8, 10.9 ಅಂತ ಇರುತ್ತೆ. 8.8ರ ಬೋಲ್ಟು ತುಂಡಾಗಬೇಕಾದರೆ ಚದರ ಮಿಲಿಮೀಟರಿಗೆ ಹೆಚ್ಚುಕಮ್ಮಿ 80 ಕೆಜಿ ಎಳೆತ ಬೇಕು, 4.6ಕ್ಕೆ 40 ಕೆಜಿ ಸಾಕು. ತುಂಡಾಗೋ ಮುಂಚೆ ಬೋಲ್ಟು ಹಿಗ್ಗುತ್ತೆ. ಆ ಹಿಗ್ಗೋದು 8.8ಕ್ಕೆ 64 ಕೆಜಿಯಲ್ಲಿ ಶುರು, 4.6ಕ್ಕೆ ಬರೀ 24ರಲ್ಲಿ. ತಲೆ ಮೇಲೆ ನಂಬರೇ ಇಲ್ಲ ಅಂದರೆ ಅದನ್ನ ಕಡಿಮೆ ಶಕ್ತಿಯದು ಅಂತಲೇ ಲೆಕ್ಕ ಹಾಕಿ.

ನಮ್ಮ ಜಿಲ್ಲೆಯಲ್ಲಿ ಇದು ಯಾಕೆ ಮುಖ್ಯ? 1,000 ಅಡಿ ಬೋರ್‌ವೆಲ್ಲಿನಿಂದ ಮೋಟರ್ ಎತ್ತೋದನ್ನ ಲೆಕ್ಕ ಹಾಕಿ. 2 ಇಂಚಿನ ಮೀಡಿಯಂ ಜಿಐ ಪೈಪು ಮೀಟರಿಗೆ ಸುಮಾರು 5 ಕೆಜಿ. 300 ಮೀಟರ್ ಪೈಪಿಗೇ 1,500 ಕೆಜಿ ಆಯ್ತು. ಪೈಪಿನೊಳಗೆ ನೀರು ನಿಂತಿದ್ದರೆ ಇನ್ನೂ 600 ಕೆಜಿಗಿಂತ ಹೆಚ್ಚು. ಮೋಟರ್, ಕೇಬಲ್ ಬೇರೆ. ಒಂದು ಪೈಪು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕೋವಾಗ ಇಷ್ಟೂ ಭಾರ ನಿಲ್ಲೋದು ಬಾಯಿ ಮೇಲಿನ ಕ್ಲ್ಯಾಂಪಿನ ಬೋಲ್ಟುಗಳ ಬಿಗಿತದ ಮೇಲೆ. ಅಲ್ಲಿಗೆ ಡಬ್ಬಿಯ ಅನಾಮಧೇಯ ಬೋಲ್ಟು ಹಾಕಿ ಅದು ಜಾರಿದರೆ ಮೋಟರ್ ತಳಕ್ಕೆ, ಸಾಲ ಮೇಲಕ್ಕೆ. ಪಕ್ಕ ನಿಂತವರ ಕೈಕಾಲಿನ ಮಾತು ಬೇರೆ.

ಹಾಗಾಗಿ ಮೂರು ಜಾಗಕ್ಕೆ ಹಳೇ ಬೋಲ್ಟು ಹಾಕಲೇಬೇಡಿ. ಒಂದು, ಬೋರ್‌ವೆಲ್ ಕ್ಲ್ಯಾಂಪು. ಎರಡು, ಟಿಲ್ಲರ್ ಮತ್ತು ರೋಟವೇಟರ್ ಬ್ಲೇಡು, ಅದಕ್ಕೆ 8.8 ಅಥವಾ ಅದಕ್ಕೂ ಮೇಲಿನದು, ಕಂಪನಿ ಹೇಳಿದ್ದೇ ಬೇಕು. ಮೂರು, ರೋಟವೇಟರ್ ಶಾಫ್ಟಿನ ಶಿಯರ್ ಬೋಲ್ಟು. ಈ ಮೂರನೇದು ಉಲ್ಟಾ ಕೇಸು. ಕಲ್ಲಿಗೆ ಬಡಿದಾಗ ತಾನು ಮುರಿದು ಗೇರ್‌ಬಾಕ್ಸ್ ಉಳಿಸಲಿ ಅಂತಲೇ ಅದನ್ನ ಮಾಡಿರುತ್ತಾರೆ. "ಪದೇ ಪದೇ ಮುರಿಯುತ್ತೆ" ಅಂತ ಡಬ್ಬಿಯಿಂದ ಗಟ್ಟಿ ಬೋಲ್ಟು ಹಾಕಿದರೆ ಮುಂದಿನ ಸಲ ಬೋಲ್ಟು ಉಳಿಯುತ್ತೆ, ಗೇರ್‌ಬಾಕ್ಸ್ ಹೋಗುತ್ತೆ.

ಯಾವುದು ಇರಲಿ, ಯಾವುದು ಹೋಗಲಿ

ಇಟ್ಟುಕೊಳ್ಳಬೇಕಾದವು: ನಿಮ್ಮ ಪೈಪ್‌ಲೈನಿನ ಫ್ಲ್ಯಾಂಜಿಗೆ ಕೂರೋ ಬೋಲ್ಟು-ನಟ್ಟು-ವಾಷರ್ ಒಂದು ಪೂರಾ ಸೆಟ್ಟು, ಜೊತೆಗೆ ಒಂದು ಗ್ಯಾಸ್ಕೆಟ್. ಸ್ಟಾರ್ಟರಿನ ಟರ್ಮಿನಲ್ ಸ್ಕ್ರೂ. ಫಿಲ್ಟರ್ ಮುಚ್ಚಳದ ಬೋಲ್ಟು. ಹೋಸ್ ಕ್ಲಿಪ್ಪು. ನಿಮ್ಮ ಲ್ಯಾಟರಲ್ ಸೈಜಿನ ಜಾಯಿನರ್, ಟೇಕಾಫ್, ಗ್ರಾಮೆಟ್, ಎಂಡ್ ಕ್ಯಾಪ್. 12 ಮಿ.ಮೀ. ಲೈನ್ ಕಿತ್ತು 16 ಹಾಕಿದ್ದೀರಾ? ಹಾಗಾದರೆ 12ರ ಫಿಟ್ಟಿಂಗ್ ಇನ್ನು ನಿಮಗೆ ಬೇಡ. ಪಕ್ಕದವರ ತೋಟದಲ್ಲಿ ಇನ್ನೂ 12 ಇದ್ದರೆ ಅವರಿಗೆ ಕೊಡಿ.

ಗುಜರಿಗೆ ಹೋಗಬೇಕಾದವು: ಹಲ್ಲು ತಿಂದ ಬೋಲ್ಟು. ನಡು ಸಣ್ಣಗಾದ ಬೋಲ್ಟು, ಅದು ಆಗಲೇ ಹಿಗ್ಗಿದೆ. ಮೂಲೆ ಉರುಟಾದ ನಟ್ಟು. ಚಪ್ಪಟೆಯಾದ ಸ್ಪ್ರಿಂಗ್ ವಾಷರ್. ಒಳಗೆ ಪ್ಲಾಸ್ಟಿಕ್ ಉಂಗುರ ಇರೋ ನೈಲಾಕ್ ನಟ್ಟು ಒಂದು ಸಲ ಬಿಚ್ಚಿದ್ದಾದರೆ ಅದೂ ಅಷ್ಟೇ, ಅದುರೋ ಜಾಗಕ್ಕೆ ಮತ್ತೆ ಬೇಡ. ರಬ್ಬರ್ ವಾಷರ್ ಒಡೆದ ಶೀಟ್ ಸ್ಕ್ರೂ, ಬಾಗಿದ ಮೊಳೆ. ಮಾರಿಬಿಟ್ಟ ಮಷೀನಿನ ಬಿಡಿಭಾಗ.

ಗುಜರಿಗೆ ಹಾಕೋ ಮುಂಚೆ ಒಂದು ಅಯಸ್ಕಾಂತ ಆಡಿಸಿ. ಅಂಟದೇ ಉಳಿಯೋ ಹಿತ್ತಾಳೆ, ತಾಮ್ರ, ಒಳ್ಳೇ ಸ್ಟೀಲನ್ನ ಬೇರೆ ತೆಗೆದಿಡಿ. ಅವಕ್ಕೆ ಕಬ್ಬಿಣಕ್ಕಿಂತ ಒಳ್ಳೇ ರೇಟು. ಎಲ್ಲಾ ಒಟ್ಟಿಗೆ ಕೊಟ್ಟರೆ ಕಬ್ಬಿಣದ ತೂಕದಲ್ಲೇ ಹೋಗಿಬಿಡುತ್ತೆ.

ನೆಲಕ್ಕೆ ಬಿದ್ದದ್ದು ಹಸುವಿನ ಹೊಟ್ಟೆಗೆ

ಈಗ ನೆಲದ ಮಾತಿಗೆ ಬರೋಣ. ಕೋಲಾರದಲ್ಲಿ ಬೆಳೆ ಕೈಕೊಟ್ಟ ವರ್ಷವೂ ಮನೆ ನಡೆಸೋದು ಡೈರಿಗೆ ಹಾಕೋ ಹಾಲು. ಹಸು ಮೇವನ್ನ ನಾಲಿಗೆಯಲ್ಲಿ ಬಾಚಿ ಹೆಚ್ಚು ಅಗಿಯದೇ ನುಂಗುತ್ತೆ. ಮೇವಲ್ಲಿ ಮೊಳೆ, ಸ್ಕ್ರೂ, ತಂತಿ ಚೂರು ಇದ್ದರೆ ಅದೂ ಒಳಗೆ ಹೋಗುತ್ತೆ. ಭಾರದ ವಸ್ತು ಜೇನುಗೂಡಿನ ಹಾಗಿರೋ ಎರಡನೇ ಹೊಟ್ಟೆಯಲ್ಲಿ ಕೂರುತ್ತೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರೋದು ಕೆಲವೇ ಸೆಂಟಿಮೀಟರ್. ಚೂಪಾದ ತುದಿ ಹೊಟ್ಟೆ ಚುಚ್ಚಿಕೊಂಡು ಹೃದಯದವರೆಗೂ ಹೋಗಬಹುದು.

ನಮ್ಮಲ್ಲಿ ಅಪಾಯ ಹೆಚ್ಚಿರೋದು ಟೊಮೆಟೊ ಮುಗಿದ ಹೊಲದಲ್ಲಿ. ಕಡ್ಡಿ ಕಿತ್ತ ಮೇಲೆ ಕಟ್ಟು ತಂತಿಯ ಚೂರು ಸಾಲಿನಲ್ಲೇ ಉಳಿಯುತ್ತೆ, ಅಲ್ಲಿಗೇ ದನ ಬಿಡ್ತೀವಿ. ಇನ್ನೊಂದು ಜಾಗ ಮೇವು ಕತ್ತರಿಸೋ ಮಷೀನು. ಜೋಳದ ಕಡ್ಡಿ ಜೊತೆ ಹೋದ ಉದ್ದ ತಂತಿಯನ್ನ ಅದು ನುಂಗೋಕೆ ಸರಿಯಾದ ಸೈಜಿಗೆ ಕತ್ತರಿಸಿ ಕೊಡುತ್ತೆ.

ಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟು, ಹಾಲು ಇಳಿಸಿ, ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈ ಹೊರಚಾಚಿ ನಿಂತರೆ, ಇಳಿಜಾರಲ್ಲಿ ನಡೆಯೋಕೆ ಹಿಂದೇಟು ಹಾಕಿದರೆ ಅಜೀರ್ಣ ಅಂತ ಮನೆಮದ್ದು ಮಾಡುತ್ತಾ ಕೂರಬೇಡಿ. ಅದೇ ದಿನ ಪಶುವೈದ್ಯರನ್ನ ಕರೆಸಿ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಸೇವೆ ಸಿಗುತ್ತೆ. ಹೊಟ್ಟೆಯೊಳಗೆ ಕಬ್ಬಿಣ ಹಿಡಿದಿಡೋ ಅಯಸ್ಕಾಂತವನ್ನ ಮುಂಜಾಗ್ರತೆಗೆ ನುಂಗಿಸೋದೂ ಇದೆ. ನಿಮ್ಮ ಹಸುವಿಗೆ ಬೇಕಾ ಅಂತ ವೈದ್ಯರನ್ನೇ ಕೇಳಿ.

ಕಾಂಪೋಸ್ಟ್ ಗುಂಡಿಗೂ ಇದೇ ನಿಯಮ. ಕಬ್ಬಿಣದಿಂದ ಮಣ್ಣು ಹಾಳಾಗಲ್ಲ, ಗೊಬ್ಬರ ಹರಡೋ ಕೈ-ಕಾಲು ಹಾಳಾಗುತ್ತೆ. ಧನುರ್ವಾಯು ಬರೋದು ತುಕ್ಕಿನಿಂದ ಅಲ್ಲ, ಮಣ್ಣು ಮತ್ತು ಸಗಣಿಯಲ್ಲಿರೋ ರೋಗಾಣುವಿನಿಂದ. ಮೊಳೆ ಹೊಸದೋ ಹಳೇದೋ, ಚುಚ್ಚಿದರೆ ಗಾಯ ತೊಳೆದು ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಬೇಕಾ ಕೇಳಿ.

ಒಂದು ಭಾನುವಾರದ ಕೆಲಸ

ಡಬ್ಬಿಯನ್ನ ಗೋಣಿಚೀಲದ ಮೇಲೆ ಸುರಿಯಿರಿ, ಬರೀ ನೆಲದ ಮೇಲೆ ಬೇಡ. ತುಕ್ಕು ಹಿಡಿದದ್ದನ್ನ ರಾತ್ರಿಯೆಲ್ಲಾ ಡೀಸೆಲಲ್ಲಿ ನೆನೆಸಿ ಬ್ರಷ್ ಹಾಕಿ. ಮಿಕ್ಕಿದ ಡೀಸೆಲನ್ನ ಮಣ್ಣಿಗೆ ಚೆಲ್ಲದೆ ಬಾಟಲಿಗೆ ತುಂಬಿಡಿ, ಮುಂದಿನ ಸಲಕ್ಕೆ ಆಗುತ್ತೆ. ಇಟ್ಟುಕೊಳ್ಳೋದನ್ನ ಮಷೀನಿನ ಪ್ರಕಾರ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ: ಪಂಪು, ಡ್ರಿಪ್ಪು, ಟಿಲ್ಲರ್, ಶೆಡ್ಡು. ಎರಡು ಹನಿ ಎಣ್ಣೆ ಬಿಟ್ಟು ಮುಚ್ಚಳ ಹಾಕಿ. ಡಬ್ಬಿ ಮೇಲೆ ಮಷೀನಿನ ಹೆಸರು, ಸೈಜು, ಬೇಕಾದ ಸ್ಪ್ಯಾನರ್ ನಂಬರ್ ಮಾರ್ಕರಲ್ಲಿ ಬರೆಯಿರಿ: ಎಂ8ಗೆ 13, ಎಂ10ಗೆ 17 ಅಥವಾ 16, ಎಂ12ಗೆ 19 ಅಥವಾ 18. ಗಂಜಲದ ಡ್ರಮ್ಮಿನ ಪಕ್ಕ ಮಾತ್ರ ಇಡಬೇಡಿ, ಮೂರು ತಿಂಗಳಿಗೆ ಎಲ್ಲಾ ತುಕ್ಕು.

ಗೋಣಿಚೀಲದ ಮೇಲೆ ಉಳಿದದ್ದನ್ನ ಅದರಲ್ಲೇ ಮೂಟೆ ಕಟ್ಟಿ, ಮುಂದಿನ ಸಲ ಪೇಟೆಗೆ ಹೋಗುವಾಗ ಗುಜರಿಗೆ ಹಾಕಿ ಬನ್ನಿ. ಬರುವ ದುಡ್ಡಲ್ಲಿ ಫ್ಲ್ಯಾಂಜಿಗೆ ನಾಲ್ಕು ಹೊಸ 8.8 ಬೋಲ್ಟು, ನಟ್ಟು, ವಾಷರ್ ತನ್ನಿ. ಇಡೀ ಹಳೇ ಡಬ್ಬಿಗಿಂತ ಆ ನಾಲ್ಕೇ ಹೆಚ್ಚು ಕೆಲಸಕ್ಕೆ ಬರುತ್ತವೆ.